ಮೂಲಬಣ್ಣವೆಂಬ ಮಾತು

ಒಂದು ಶಬ್ದದ ವಿಷಯವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಆ ಶಬ್ದ 'ಮೂಲಬಣ್ಣ'. ಅದು ಕಠಿಣವಾದ ಶಬ್ದವೇನೂ ಅಲ್ಲ. ನಾಲ್ಕನೆಯ ತರಗತಿಯ ಹುಡುಗನೂ ಅದನ್ನು ಬಿಡಿಸಿ ಅರ್ಥ ಹೇಳಬಲ್ಲನು. ಆದರೂ ಕಳೆದ ಮಳೆಗಾಲದಲ್ಲಿ ಆ ಶಬ್ದವನ್ನು ಒಂದು ಕಾಗದದಲ್ಲಿ ಬರೆಯಬೇಕೋ ಬಿಡಬೇಕೋ ಎಂದು ತಿಳಿಯದೆ ನಾನು ಹಲವು ದಿನ ತೊಳಲಾಡಿದೆ. ಕಾಗದವು ಒಂದು ಹಳೆಯ ಮೋಟಾರ್ ಸೈಕಲ್ಲಿನ ಮಾರಾಟಕ್ಕೆ ಸಂಬಂಧಪಟ್ಟದ್ದು. ಇಷ್ಟು ಸಣ್ಣ ವಿಷಯದಲ್ಲಿ ಧರ್ಮಸೂಕ್ಷ್ಮವೆಲ್ಲಿಂದ ಬಂತು ಎಂದು ವಾಚಕರು ನಗಬಹುದು. ನಾನೂ ಮೊದಲು ನಕ್ಕವನೇ.

ಗಾಡಿಯ ವೃತ್ತಾಂತವನ್ನು ಮೊದಲು ಹೇಳಬೇಕು. ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ನಮ್ಮ ಘಾಟಿಯಲ್ಲಿ 36 ತಿರುವುಗಳಿವೆ. ಆ ತಿರುವುಗಳಲ್ಲಿ ಬಹುಕಾಲ ಹತ್ತಿಳಿದ ಜಾವಾ ಮೋಟಾರ್ ಸೈಕಲ್ಲೊಂದು ಕಲ್ಲಟ್ಟಿಯ ನಮ್ಮ ನೆರೆಮನೆಯ ಸೌದೆಕೊಟ್ಟಿಗೆಯಲ್ಲಿ ಗೋಣಿಚೀಲ ಹೊದೆದು ನಿಂತಿತ್ತು. ಅದರ ಒಡೆಯರು ಕಂಪೌಂಡರ್ ಆಗಿದ್ದವರು. ಹಟ್ಟಿಯಿಂದ ಹಟ್ಟಿಗೆ ಹೋಗಿ ಜ್ವರಕ್ಕೆ ಮಾತ್ರೆ, ಗಾಯಕ್ಕೆ ಪಟ್ಟಿ ಕೊಡುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಮಗ ನನ್ನ ಸ್ನೇಹಿತ, ವಯಸ್ಸಿನಲ್ಲಿ ನನಗಿಂತ ಹಿರಿಯ. ಮಗಳ ಕಾಲೇಜಿನ ಖರ್ಚಿಗೆ ಹಣ ಬೇಕಾಗಿ ಗಾಡಿಯನ್ನು ರಿಪೇರಿ ಮಾಡಿಸಿ ಮಾರುವ ಯೋಚನೆ ಮಾಡಿದ. ಹಳೆಯ ಜಾವಾಕ್ಕೆ ಈಗ ಬೆಂಗಳೂರು, ಮೈಸೂರುಗಳಲ್ಲಿ ಒಳ್ಳೆಯ ಬೆಲೆಯಿದೆ. ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ಅದರ ಅಭಿಮಾನಿಗಳು ಜಾವಾ-ಯೆಜ್ಡಿ ದಿನವೆಂದು ಕೂಡಿ ಹಬ್ಬ ಮಾಡುವುದೂ ಉಂಟು.

ಈ ಗಾಡಿಗೂ ಕನ್ನಡನಾಡಿಗೂ ಇರುವ ನಂಟನ್ನು ವಿದ್ಯಾರ್ಥಿಮಿತ್ರರು ತಿಳಿದಿರಲೆಂದು ನಾಲ್ಕು ಮಾತು. ಅಂದಿನ ಚೆಕೊಸ್ಲೊವಾಕಿಯಾ ದೇಶದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ಅದರ ಮೊದಲಕ್ಷರಗಳನ್ನೂ ಕೂಡಿಸಿ 'ಜಾವಾ' ಎಂದು ಹೆಸರಿಟ್ಟನು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಮುಂದೆ 'ಯೆಜ್ಡಿ' ಎಂದು ಹೆಸರು ಬದಲಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನ ಹೊಸ ಗಾಡಿಯನ್ನು ಹೊರತಂದಿತು. ಹಳೆಯದರಲ್ಲಿ ಗೇರು ಬದಲಿಸುವ ಕಡ್ಡಿಯನ್ನೇ ತಿರುಗಿಸಿ ಒದ್ದರೆ ಎಂಜಿನ್ನು ಹೊರಡುತ್ತಿತ್ತು. ಒಂದೇ ಕಡ್ಡಿಗೆ ಎರಡು ಕೆಲಸ. ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಇದು ಆಶ್ಚರ್ಯವಾಗಿ ತೋರುವುದಿಲ್ಲ.

ಎಂಜಿನ್ನು ಸುಲಭವಾಗಿ ಸರಿಹೋಯಿತು. ತೊಡಕು ಬಂದದ್ದು ಪೆಟ್ರೋಲ್ ಟ್ಯಾಂಕಿನಲ್ಲಿ. ನಮ್ಮ ಕಡೆಯ ಮಂಜಿನ ತೇವಕ್ಕೆ ಬರಿದಾದ ಉಕ್ಕಿನ ಟ್ಯಾಂಕು ಒಳಗಿನಿಂದಲೇ ತುಕ್ಕು ಹಿಡಿದಿತ್ತು. ಬೆಸುಗೆಯ ಸಾಲಿನಲ್ಲಿ ಸೂಜಿಮೊನೆಯಂಥ ಎರಡು ತೂತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುವ ದ್ರವವಾದುದರಿಂದ ಇಂಥ ಟ್ಯಾಂಕಿಗೆ ಇನ್ನಷ್ಟು ಅಪಾಯ. ಬೆಸುಗೆ ಹಾಕಿಸಲೇಬೇಕು, ಬೆಸುಗೆ ಹಾಕಿಸಿದರೆ ಹೊರಗಿನ ಬಣ್ಣ ಸುಟ್ಟುಹೋಗುತ್ತದೆ. ಎಂದಮೇಲೆ ಹೊಸದಾಗಿ ಬಣ್ಣ ಹಚ್ಚದೆ ಗತಿಯಿಲ್ಲ. ಯಾವ ಬಣ್ಣ? ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಊರಿನವರೆಲ್ಲ ಕಂಡದ್ದು ನೀಲಿಬಣ್ಣ. ಕಂಪೌಂಡರರ ಗಾಡಿಯೆಂದರೆ ನೀಲಿ ಗಾಡಿ. ಎದುರು ಗುಡ್ಡದ ತಿರುವಿನಲ್ಲಿ ಆ ನೀಲಿ ಕಂಡಿತೆಂದರೆ ಔಷಧ ಬಂತೆಂದು ಅರ್ಥವೆಂದು ಹಿರಿಯರು ಈಗಲೂ ಹೇಳುತ್ತಾರೆ. ಆದರೆ ಅದು ಕಾರ್ಖಾನೆಯ ನೀಲಿಯಲ್ಲ, ಕುಂಚದಿಂದ ಬಳಿದದ್ದು. ಕೂದಲಿನ ಗೆರೆಗಳು ಬರಿಗಣ್ಣಿಗೆ ಕಾಣುತ್ತಿದ್ದವು. ನನ್ನ ಸ್ನೇಹಿತನಿಗೆ ಬೇಕಾದದ್ದು 'ಮೂಲಬಣ್ಣ'. ಕೊಳ್ಳುವವರು ಕೇಳುವುದು ಅದನ್ನೇ. ನನಗೆ ಬಣ್ಣದಲ್ಲಿ ಸ್ವಲ್ಪ ಹುಚ್ಚು ಇದೆಯೆಂದು ಅವನಿಗೆ ಗೊತ್ತು. ಶಾಲೆಯ ಗೋಡೆಯ ಚಿತ್ರಗಳನ್ನು ಬರೆದವನು ನಾನೇ. ಅದರಿಂದ ಈ ಕೆಲಸಕ್ಕೆ ನನ್ನನ್ನು ಜತೆಗೆ ಕರೆದ.

ಹಳೆಯ ಬಣ್ಣವನ್ನು ಹುಡುಕುವ ಕ್ರಮ ಬಹು ಸೊಗಸಾದದ್ದು. ನಾಣ್ಯದಗಲದ ಒಂದು ಜಾಗವನ್ನು ಆರಿಸಿ, ನೀರು ಹಾಕುತ್ತ, ನುಣ್ಣನೆಯ ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜಬೇಕು. ನಡುವೆ ಆಳವಾಗಿ, ಅಂಚಿಗೆ ಬಂದಂತೆ ತೆಳುವಾಗಿ ಉಜ್ಜಿದರೆ ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದಂತೆ ಪದರಗಳೆಲ್ಲ ಬಳೆಬಳೆಯಾಗಿ ತೆರೆದುಕೊಳ್ಳುತ್ತವೆ. ಒಣದಾಗಿ ಉಜ್ಜಬಾರದು, ಹಳೆಯ ಕೆಂಪು ಹಳದಿ ಬಣ್ಣಗಳಲ್ಲಿ ಸೀಸ ಇರುತ್ತಿದ್ದುದರಿಂದ ಅದರ ಧೂಳು ವಿಷ, ಮಕ್ಕಳಿಗಂತೂ ಘೋರವಾದ ವಿಷ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಗೆ ಬಂದಿದೆ.

ನಮ್ಮ ಟ್ಯಾಂಕಿನಲ್ಲಿ ಕಂಡದ್ದು ಹೀಗೆ: ಮೇಲೆ ನೀಲಿ, ಅದರ ಕೆಳಗೆ ಒಂದು ಕೆಂಪು, ಅದರ ಕೆಳಗೆ ಸಣ್ಣ ಬೂದುಬಣ್ಣದ ತೇಪೆ, ಮತ್ತೆ ಇನ್ನೊಂದು ಕೆಂಪು, ಮೊದಲಿನದಕ್ಕಿಂತ ಕಪ್ಪಾದದ್ದು, ಕೊನೆಗೆ ಅಸ್ತರಿನ ಬಣ್ಣ, ಬಳಿಕ ಉಕ್ಕು. ಎಂದರೆ ನೀಲಿಗೆ ಮೊದಲೇ ಯಾರೋ ಒಮ್ಮೆ ಕೆಂಪನ್ನು ಹೊಸದಾಗಿ ಹೊಡೆಸಿದ್ದರು. ಕೆಳಗಿನ ಕೆಂಪೇ ಕಾರ್ಖಾನೆಯದು. 'ಮರೂನ್' ಎಂದು ಅದನ್ನು ಕರೆಯುವರು. ಫ್ರೆಂಚರು ಒಂದು ಜಾತಿಯ ಕಾಯಿಗೆ ಇಟ್ಟ ಹೆಸರು ಇಂಗ್ಲಿಷಿಗೆ ಬಂದು ಬಣ್ಣವಾಯಿತು. ಹೆಸರು ಕೊಟ್ಟ ಕಾಯಿ ಕಂದು, ಹೆಸರು ಪಡೆದ ಬಣ್ಣ ಕೆಂಪು. ಶಬ್ದವೇ ದಾರಿಯಲ್ಲಿ ಬಣ್ಣ ಬದಲಿಸಿಕೊಂಡಿದೆ. ಟ್ಯಾಂಕಿನ ಎರಡು ಪಕ್ಕಗಳಲ್ಲಿ ದಂತದ ಬಣ್ಣ ಬಳಿದಿತ್ತು. ಯಾವ ದಂತ? ಮುದುಮಲೆಯ ಕಾಡಿನ ಎಳೆಯ ಸಲಗದ ಕೋರೆ ಒಂದು ಬಣ್ಣ, ಮುದಿ ಸಲಗದ್ದು ಇನ್ನೊಂದು. ಬಣ್ಣದ ಡಬ್ಬಿಯ ಮೇಲೆ 'ಐವರಿ' ಎಂದು ಬರೆದವರು ಆನೆಯನ್ನು ಕೇಳಿ ಬರೆದವರಲ್ಲ.

ಕೆಂಪು ಸಿಕ್ಕಿತಲ್ಲ, ಇನ್ನೇನು ಎಂದು ನಾವು ಹಿಗ್ಗಿದೆವು. ಉದಕಮಂಡಲದಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಹಿರಿಯ ಕೆಲಸಗಾರರೊಬ್ಬರಿದ್ದಾರೆ. ತಮಿಳು ಮಾತೃಭಾಷೆ, ಕನ್ನಡ ಚೆನ್ನಾಗಿ ಬಲ್ಲರು. ಅವರು ಟ್ಯಾಂಕನ್ನು ಮಗುಚಿ ಹಾಕಿ, "ಸಾರ್, ಇಲ್ಲಿ ನೋಡಿ, ಇಲ್ಲಿ ಬೇರೆ ಇದೆ" ಎಂದರು. ಮೊಣಕಾಲು ಒರಗುವ ರಬ್ಬರಿನ ಅಡಿಯಲ್ಲಿ, ಸೀಟಿನ ಮೂತಿಯ ಮರೆಯಲ್ಲಿ, ತಳದ ಕೊಳವಿಯಂಥ ಭಾಗದಲ್ಲಿ, ಹೀಗೆ ಬಿಸಿಲು ಕಾಣದ ಮೂರು ಜಾಗಗಳಲ್ಲಿ ಅದೇ ಕೆಂಪು ಮೂರು ಬಗೆಯಾಗಿತ್ತು. ಬಿಸಿಲಿಗೆ ಕೆಂಪು ಮಾಸುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದುದರಿಂದ ಮರೆಯಲ್ಲಿದ್ದದ್ದೇ ನಿಜವಾದದ್ದು ಎಂದು ನಾನು ವಾದಿಸಿದೆ. ಆದರೆ ಮರೆಯೂ ಬಣ್ಣವನ್ನು ಬಿಡುವುದಿಲ್ಲ. ಎಣ್ಣೆಯ ಅಂಶವುಳ್ಳ ಬಿಳಿ, ದಂತದ ಬಣ್ಣಗಳು ಕತ್ತಲಲ್ಲಿದ್ದರೆ ಹಳದಿಗೆ ತಿರುಗುತ್ತವೆ. ಬೆಳಕಿಗೆ ಇಟ್ಟರೆ ಆ ಹಳದಿ ತಕ್ಕಮಟ್ಟಿಗೆ ಇಳಿಯುತ್ತದೆ. ಎಂದರೆ ಹೊರಗಿನದು ಬಿಸಿಲಿನಿಂದ ಕೆಟ್ಟಿತು, ಒಳಗಿನದು ಕತ್ತಲಿನಿಂದ ಕೆಟ್ಟಿತು. ಕಾರ್ಖಾನೆಯಿಂದ ಹೊರಟ ದಿನದ ಬಣ್ಣ ಆ ಟ್ಯಾಂಕಿನ ಮೇಲೆ ಎಲ್ಲಿಯೂ ಇರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಮೈಸೂರಿನ ಅಂಗಡಿಯಲ್ಲಿ ಬಣ್ಣವನ್ನು ಅಳೆಯುವ ಯಂತ್ರವಿದೆ. ಅದು ಬಣ್ಣದ ಮೇಲೆ ಬೆಳಕು ಬಿಟ್ಟು, ಹಿಂದಿರುಗುವ ಬೆಳಕನ್ನು ಅಲೆಯಲೆಯಾಗಿ ಅಳೆದು, ಇಂಥ ಬಣ್ಣ ಇಷ್ಟು ಗ್ರಾಂ ಎಂದು ಪಾಕದ ಚೀಟಿ ಕೊಡುತ್ತದೆ. ಉಜ್ಜಿ ಹೊಳಪು ಬರಿಸಿದ ಒಂದು ಜಾಗವನ್ನು ತೋರಿಸಿ ಚೀಟಿ ಪಡೆದು, ಮೂರು ತಗಡಿನ ತುಂಡುಗಳಿಗೆ ಸ್ವಲ್ಪ ಸ್ವಲ್ಪ ವ್ಯತ್ಯಾಸ ಮಾಡಿ ಹೊಡೆಸಿ ತಂದೆವು. ನಾನು ಅವನ್ನು ಶಾಲೆಗೆ ಒಯ್ದು, ಹಳೆಯ ಬಣ್ಣದ ಚೂರೊಂದನ್ನು ಪಕ್ಕದಲ್ಲಿಟ್ಟು, ಯಾವುದು ಹೊಂದುತ್ತದೆಂದು ಮಕ್ಕಳನ್ನು ಕೇಳಿದೆ. ಟ್ಯೂಬ್‌ಲೈಟಿನ ಅಡಿಯಲ್ಲಿ ಎರಡನೆಯದೆಂದರು. ಅಂಗಳಕ್ಕೆ ಕರೆದೊಯ್ದೆ, ಮೂರನೆಯದೆಂದರು. ಮಂಜು ಕವಿದಾಗ ಮೊದಲನೆಯದೆಂದು ಕೆಲವರು, ಯಾವುದೂ ಅಲ್ಲವೆಂದು ಕೆಲವರು. ಮಕ್ಕಳ ಕಣ್ಣು ತಪ್ಪಲ್ಲ. ಬೇರೆ ಬೇರೆ ಪುಡಿಗಳಿಂದ ಮಾಡಿದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದು ವಿಜ್ಞಾನಕ್ಕೆ ಗೊತ್ತಿರುವ ಸಂಗತಿ. ಅರುವತ್ತು ವರ್ಷದ ಹಿಂದಿನ ಪುಡಿಗಳು ಈಗ ಸಿಕ್ಕುವುದಿಲ್ಲ. ಸಿಕ್ಕಿದರೂ ಸೀಸದ ಕಾರಣ ಕೆಲವನ್ನು ಬಳಸಬಾರದು. ಆದುದರಿಂದ ಎಲ್ಲ ಬೆಳಕಿನಲ್ಲೂ ಹೊಂದುವ ಬಣ್ಣ ದೊರೆಯುವುದು ಬಹು ಕಷ್ಟ.

"ಕೆಂಪು ಬಹಳ ಸುಳ್ಳು ಹೇಳುತ್ತದೆ ಸಾರ್. ಹಸಿಯಲ್ಲಿ ಒಂದು, ಒಣಗಿದರೆ ಒಂದು. ಕೆಳಗೆ ಬೂದಿ ಇದ್ದರೆ ಒಂದು, ಕಾವಿ ಇದ್ದರೆ ಇನ್ನೊಂದು" ಎಂದರು ಆ ಹಿರಿಯರು. ಕೆಂಪು ತನ್ನ ಕೆಳಗಿರುವುದನ್ನು ಪೂರ್ತಿ ಮುಚ್ಚಲಾರದ ಬಣ್ಣ. ಅಸ್ತರಿನ ಛಾಯೆ ಮೇಲೆ ತೋರಿಯೇ ತೀರುತ್ತದೆ. ಅವರು ಇನ್ನೂ ಒಂದು ಮಾತು ಹೇಳಿದರು. ಇಂದಿನ ಬಣ್ಣದ ಮೇಲೆ ಗಾಜಿನಂಥ ತಿಳಿಪದರವನ್ನು ಹೊಡೆಯುತ್ತಾರೆ, ಬಣ್ಣ ನೀರಿನೊಳಗೆ ಇದ್ದಂತೆ ಕಾಣುತ್ತದೆ; ಹಿಂದಿನ ಒಂಟಿಪದರದ ಬಣ್ಣಕ್ಕೆ ಆ ಆಳವಿರಲಿಲ್ಲ. ಬಣ್ಣ ಸರಿಯಾಗಿದ್ದು ಹೊಳಪು ತಪ್ಪಾದರೆ ನೋಡುವವನಿಗೆ ಎಲ್ಲವೂ ತಪ್ಪಾಗಿ ಕಾಣುತ್ತದೆ. ಅವರ ಮಾತು ಸತ್ಯ. ವೇಷ ಸರಿಯಾಗಿದ್ದು ದನಿ ಬೇರೆಯಾದ ನಟನನ್ನು ನೋಡಿದಂತೆ.

ಇಲ್ಲಿಯವರೆಗೆ ಇದು ಕೈಕೆಲಸದ ಮಾತು. ಇನ್ನು ಮುಂದಿನದು ಬುದ್ಧಿಯ ತಂಟೆ.

ಬಣ್ಣ ಬದಲಾದರೆ ವಸ್ತು ಬದಲಾಯಿತೇ ಎಂದು ನಮ್ಮ ಹಿಂದಿನವರು ಬಹು ಗಂಭೀರವಾಗಿ ಚರ್ಚಿಸಿದ್ದಾರೆ. ಕುಂಬಾರನ ಹಸಿಮಡಕೆ ಕಪ್ಪು. ಆವಿಗೆಯಲ್ಲಿ ಬೆಂದು ಕೆಂಪಾಗುತ್ತದೆ. ಒಳಹೋದ ಮಡಕೆಯೇ ಹೊರಬಂತೆ? ವೈಶೇಷಿಕರು ಅಲ್ಲವೆನ್ನುತ್ತಾರೆ. ಬೆಂಕಿಯ ತಾಪಕ್ಕೆ ಮಡಕೆ ಪರಮಾಣುಗಳಾಗಿ ಒಡೆಯುತ್ತದೆ, ಪರಮಾಣುಗಳು ಕೆಂಪಾಗುತ್ತವೆ, ಮರಳಿ ಕೂಡಿ ಬೇರೊಂದು ಮಡಕೆಯಾಗುತ್ತದೆ. ಇದಕ್ಕೆ ಪೀಲುಪಾಕವಾದವೆಂದು ಹೆಸರು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಮಡಕೆ ಒಡೆದು ಅಣುವಾಗಿದ್ದರೆ ಅದರ ಮೇಲೆ ಪೇರಿಸಿದ್ದ ಮಡಕೆಗಳು ಬೀಳಬೇಕಾಗಿತ್ತಲ್ಲ. ನಾನಿಟ್ಟದ್ದು ಇದೇ ಎಂದು ಕುಂಬಾರ ಗುರುತು ಹಿಡಿಯುವುದು ಹೇಗೆ? ಮಡಕೆ ಹಾಗೆಯೇ ಇದ್ದು ಅದರ ಬಣ್ಣವೊಂದೇ ಮಾರ್ಪಡುತ್ತದೆ ಎಂಬುದು ಅವರ ಪಿಠರಪಾಕವಾದ. ಈ ವಾದಗಳನ್ನು ಓದಿದಾಗ ಕೂದಲು ಸೀಳುವ ಕೆಲಸವೆಂದುಕೊಂಡಿದ್ದೆ. ಬೆಸುಗೆಗಾರನ ಮನೆಯಿಂದ ಬಣ್ಣ ಸುಟ್ಟು ಬರಿಯ ಉಕ್ಕಾಗಿ ಬಂದ ಟ್ಯಾಂಕನ್ನು ಕೈಯಲ್ಲಿ ಹಿಡಿದಾಗ ಹಾಗೆನ್ನಿಸಲಿಲ್ಲ. ಇದು ಕಂಪೌಂಡರರ ಟ್ಯಾಂಕೇ? ನನ್ನ ಕೈ ಹೌದೆಂದಿತು, ಕಣ್ಣು ಅಲ್ಲವೆಂದಿತು.

ಯವನರಾಜ ಮಿಲಿಂದನಿಗೆ ನಾಗಸೇನನೆಂಬ ಬೌದ್ಧಭಿಕ್ಷು ರಥದ ದೃಷ್ಟಾಂತ ಕೊಟ್ಟ ಕಥೆಯನ್ನು ಅನೇಕರು ಬಲ್ಲರು: ಚಕ್ರ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ಆದರೂ ರಥವೆಂಬ ಹೆಸರು ಸಲ್ಲುತ್ತದೆ. ಆ ದೃಷ್ಟಾಂತ ನನಗೆ ಇಲ್ಲಿ ಅಷ್ಟು ನೆರವಾಗಲಿಲ್ಲ. ರಥವನ್ನು ಮಾರುವ ಪ್ರಸಂಗ ಮಿಲಿಂದನಿಗೆ ಇರಲಿಲ್ಲ.

ಹಳೆಯದನ್ನು ಏನು ಮಾಡಬೇಕೆಂಬುದರಲ್ಲಿ ಲೋಕದಲ್ಲಿ ಎರಡು ಮನೋಧರ್ಮಗಳು ಕಾಣುತ್ತವೆ. ಒಂದು ನಮ್ಮ ಜೀರ್ಣೋದ್ಧಾರದ್ದು. ದೇವಾಲಯ ಶಿಥಿಲವಾದರೆ ಕಟ್ಟು, ಬಣ್ಣ ಮಾಸಿದರೆ ಬಳಿ, ಪುರಿಯ ಜಗನ್ನಾಥನಿಗೆ 2015ರಲ್ಲಿ ಆದಂತೆ ಮರದ ಮೂರ್ತಿಯನ್ನೇ ಹೊಸದು ಮಾಡಿ ಕೂರಿಸು, ದೇವರು ಅದೇ. ಇನ್ನೊಂದು ಪುರಾತತ್ತ್ವ ಇಲಾಖೆಯದು. ಜಾನ್ ಮಾರ್ಷಲ್ಲರು 1923ರಲ್ಲಿ ಪ್ರಕಟಿಸಿದ ಸಂರಕ್ಷಣೆಯ ಕೈಪಿಡಿಯಲ್ಲಿ, ಹಳೆಯ ಕಟ್ಟಡವನ್ನು ಹೊಸದು ಮಾಡುವುದಲ್ಲ, ಇದ್ದಂತೆ ಉಳಿಸುವುದೇ ಕರ್ತವ್ಯವೆಂಬ ನೀತಿ ಎದ್ದುಕಾಣುತ್ತದೆ. ಎರಡನೆಯ ದಾರಿಯಲ್ಲಿ ನಡೆಯುವವರೂ ಎಡವಿಲ್ಲವೆಂದಲ್ಲ. ಅಜಂತೆಯ ವರ್ಣಚಿತ್ರಗಳನ್ನು ಉಳಿಸಲೆಂದು ಹೈದರಾಬಾದಿನ ನಿಜಾಮರ ಸರ್ಕಾರ 1920ರ ಸುಮಾರಿನಲ್ಲಿ ಇಟಲಿಯಿಂದ ತಜ್ಞರನ್ನು ಕರೆಸಿತು. ಅವರು ಒಳ್ಳೆಯ ಉದ್ದೇಶದಿಂದಲೇ ಅರಗಿನ ಮೆರುಗೆಣ್ಣೆ ಬಳಿದರು. ವರ್ಷ ಕಳೆದಂತೆ ಆ ಮೆರುಗು ಹಳದಿಯಾಗಿ, ಕಪ್ಪಾಗಿ, ಚಿತ್ರಗಳ ಬಣ್ಣವನ್ನೇ ಮರೆಮಾಡಿತು. ಬಳಿಕ ಬಂದವರು ಅದನ್ನು ಬಿಡಿಸುವುದಕ್ಕೆ ದಶಕಗಳ ಕಾಲ ಶ್ರಮಪಡಬೇಕಾಯಿತು. ಅಜಂತೆಯ ಬಣ್ಣವೆಂದು ಎಷ್ಟೋ ಜನ ಮೆಚ್ಚಿಕೊಂಡು ಹೋದದ್ದು ಅರಗಿನ ಬಣ್ಣವನ್ನು.

ನಮ್ಮ ಬೆಟ್ಟದಲ್ಲೇ ಮೂರನೆಯ ಬಗೆಯೊಂದಿದೆ. ಕೂನೂರಿಗೆ 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ ಬಂದ ಹಲ್ಲುಹಳಿಯ ಪುಟ್ಟ ರೈಲು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸ್ವಿಟ್ಜರ್ಲೆಂಡಿನಿಂದ ಬಂದ ಅದರ ಹಳೆಯ ಉಗಿಬಂಡಿಗಳು ಸವೆದುದರಿಂದ ಅದೇ ಮಾದರಿಯ ಹೊಸ ಬಂಡಿಗಳನ್ನು ತಿರುಚಿರಾಪಳ್ಳಿಯ ಪೊನ್ಮಲೆ ಕಾರ್ಖಾನೆಯಲ್ಲಿ ತಯಾರಿಸಿದರು. ಪ್ರವಾಸಿಗಳು ಅದರ ಮುಂದೆ ನಿಂತು ಹಳೆಯ ಎಂಜಿನ್ನೆಂದು ಚಿತ್ರ ತೆಗೆಸಿಕೊಳ್ಳುತ್ತಾರೆ. ಇದರಲ್ಲಿ ಮೋಸವಿದೆಯೇ? ನನಗೆ ತೋರುವಂತೆ ಇಲ್ಲ. ಯಾರೂ ಅದನ್ನು ಮುಚ್ಚಿಟ್ಟಿಲ್ಲ. ಕೇಳಿದವರಿಗೆ ಎಲ್ಲಿ ಮಾಡಿದ್ದೆಂದು ಹೇಳುತ್ತಾರೆ. ಹೊಸದಾಗಿ ಮಾಡುವುದು ತಪ್ಪಲ್ಲ, ಹೊಸದೆಂದು ಹೇಳದಿರುವುದು ತಪ್ಪು, ಎಂದು ನಾನು ಅಂದು ಒಂದು ತೀರ್ಮಾನಕ್ಕೆ ಬಂದೆ. ಈ ತೀರ್ಮಾನ ಎಷ್ಟು ಅಗ್ಗದ್ದೆಂದು ತಿಳಿಯಲು ಒಂದು ವಾರ ಸಾಕಾಯಿತು.

ಏಕೆಂದರೆ ಟ್ಯಾಂಕು ಕೆಂಪಾಗಿ, ದಂತದ ಪಕ್ಕಗಳೊಡನೆ, ಕಣ್ಣು ಕೋರೈಸುವಂತೆ ಮನೆಗೆ ಬಂದಮೇಲೆ ಸ್ನೇಹಿತ ನನ್ನ ಬಳಿಗೆ ಬಂದು, "ಮೇಷ್ಟ್ರೇ, ಒಂದು ಕಾಗದ ಬರೆದುಕೊಡಿ. ಗಾಡಿಯ ವಿವರ ಎಲ್ಲ ಇರಲಿ. ಮೂಲಬಣ್ಣದಲ್ಲಿದೆ ಅಂತ ಸ್ಪಷ್ಟವಾಗಿ ಬರೆಯಿರಿ" ಎಂದ. ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣವೇ ಇನ್ನೂ ಇದೆಯೆಂದು ಒಂದು. ಕಾರ್ಖಾನೆಯಲ್ಲಿ ಯಾವ ಬಣ್ಣವಿತ್ತೋ ಆ ಬಣ್ಣವನ್ನು ಈಗ ಹಚ್ಚಿದೆಯೆಂದು ಇನ್ನೊಂದು. ಮೊದಲನೆಯದಕ್ಕೆ ಬೆಲೆ ಬಹಳ ಹೆಚ್ಚು. ಎರಡನೆಯದು ಅಷ್ಟಲ್ಲ. ಕೊಳ್ಳುವವನು ಮೊದಲನೆಯ ಅರ್ಥದಲ್ಲಿ ಓದಿಕೊಳ್ಳಲಿ, ಕೇಳಿದರೆ ಎರಡನೆಯ ಅರ್ಥದಲ್ಲಿ ಸಮರ್ಥಿಸಿಕೊಳ್ಳೋಣ ಎಂಬುದು ಅವನ ಎಣಿಕೆ. ಅವನನ್ನು ದುಷ್ಟನೆಂದು ಯಾರೂ ತಿಳಿಯಬಾರದು. ಮಗಳ ಕಾಲೇಜಿನ ಹಣ ಕಟ್ಟುವ ದಿನ ಹತ್ತಿರ ಬಂದಿತ್ತು. ಅವನ ಬಂಧುವಾದ ತರುಣನೊಬ್ಬ ಇನ್ನೂ ಮುಂದೆ ಹೋಗಿ, ಅಂಚುಗಳಲ್ಲಿ ಸ್ವಲ್ಪ ಉಜ್ಜಿ, ದಂತದ ಬಣ್ಣಕ್ಕೆ ಚಹದ ಡಿಕಾಕ್ಷನ್ ಸವರಿದರೆ ಹಳೆಯದರಂತೆಯೇ ಕಾಣುತ್ತದೆಂದು ಉಪಾಯ ಹೇಳಿದ. ನೀಲಗಿರಿಯ ಚಹಕ್ಕೆ ಇಂಥ ಉಪಯೋಗವೂ ಇದೆಯೆಂದು ನನಗೆ ತಿಳಿದಿರಲಿಲ್ಲ!

ಸುಳ್ಳು ಶಬ್ದ ಒಂದೂ ಇಲ್ಲದೆ ಸುಳ್ಳು ಹೇಳಬಹುದೆಂಬುದು ಹಳೆಯ ಸಂಗತಿ. ಕುರುಕ್ಷೇತ್ರದಲ್ಲಿ ಧರ್ಮರಾಯ ಆಡಿದ ಮಾತಿನಲ್ಲಿ ಸುಳ್ಳು ಶಬ್ದ ಯಾವುದಿತ್ತು? ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜ. ಆದರೂ ನೆಲಕ್ಕೆ ತಾಕದೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಹೊತ್ತು ನೆಲಕ್ಕೆ ಇಳಿಯಿತು. ಮಕ್ಕಳಿಗೆ ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ಪ್ರತಿಸಲವೂ ಧರ್ಮರಾಯನ ಮೇಲೆ ನನಗೆ ಒಂದು ಬಗೆಯ ಮೇಲುಗೈಯ ಭಾವನೆ ಇರುತ್ತಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವನ ಎದುರಿಗೆ ರಾಜ್ಯವಿತ್ತು. ನನ್ನ ಎದುರಿಗೆ ಇದ್ದದ್ದು ಒಬ್ಬ ಹುಡುಗಿಯ ಕಾಲೇಜು. ಹುಡುಗಿ ನನ್ನ ಶಾಲೆಯಲ್ಲೇ ಓದಿದವಳು.

ಈ ನಡುವೆ ನನ್ನ ಮನಸ್ಸಿನಲ್ಲಿ ಇನ್ನೊಂದು ವಾದ ಬೆಳೆದಿತ್ತು. ನೀಲಿಯೇ ಮೂಲಬಣ್ಣವೇಕಲ್ಲ? ಕಾರ್ಖಾನೆ ಆ ಗಾಡಿಯನ್ನು ಕಂಡದ್ದು ಕೆಲವು ದಿನ. ಈ ಊರು ಕಂಡದ್ದು ಒಂದು ತಲೆಮಾರು. ಯಾವ ಬಣ್ಣವನ್ನು ಕಂಡು ಜ್ವರದ ಮಗುವಿನ ತಾಯಿ ಎದ್ದು ಬಾಗಿಲಿಗೆ ಬಂದಳೋ ಆ ಬಣ್ಣಕ್ಕಿಂತ ಯಾರದೋ ಡಬ್ಬಿಯ ಅಂಕಿ ಹೆಚ್ಚೆ? ನಮ್ಮ ಬೆಟ್ಟಕ್ಕೇ ನೀಲಗಿರಿಯೆಂದು ಹೆಸರು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿಯಿಂದ ಆ ಹೆಸರು ಬಂತೆನ್ನುವರು, ದೂರದ ಮಂಜಿನಿಂದ ಬಂತೆನ್ನುವರು. ಹತ್ತಿ ಬಂದವನಿಗೆ ಕಾಣುವುದು ಹಸಿರು ಹುಲ್ಲು, ಕೆಂಪು ಮಣ್ಣು. ಹಾಗೆಂದು ಹೆಸರನ್ನು ಯಾರೂ ತಿದ್ದಿಲ್ಲ. ನೀಲಿಯನ್ನು ಸುಟ್ಟು ತೆಗೆದು ನಾವು ಸತ್ತವರಿಗೂ ಊರಿಗೂ ಅಪಚಾರ ಮಾಡಿದೆವೆಂದು ನನಗೆ ಬಲವಾಗಿ ತೋರಿತು. ಮುಖ್ಯವಾಗಿ ಆ ವೃದ್ಧೆಗೆ, ಸ್ನೇಹಿತನ ತಾಯಿಗೆ, ಎಷ್ಟು ನೋವಾಗಿರಬೇಕು! ಅವರನ್ನು ನಾವು ಯಾರೂ ಕೇಳಿಯೇ ಇರಲಿಲ್ಲ.

ಒಂದು ಸಂಜೆ ಹೋಗಿ ಕೇಳಿದೆ. ಅವರು ಒಲೆಯ ಮುಂದೆ ಕುಳಿತಿದ್ದರು.

"ಅಮ್ಮ, ಯಜಮಾನರು ಹಚ್ಚಿದ ನೀಲಿಬಣ್ಣ ಹೋಯಿತಲ್ಲ, ನಿಮಗೆ ಬೇಸರವಾಯಿತೇನೋ" ಎಂದೆ.

ಅವರು ನನ್ನ ಮುಖ ನೋಡಿದರು. "ನಂಗ್ಯಾಕೆ ಬೇಸರ ಮೇಷ್ಟ್ರೇ? ಅದು ಕಿಟಕಿಗೆ ತಂದು ಉಳಿದಿದ್ದ ಬಣ್ಣ. ತುಕ್ಕು ಹಿಡಿದಿತ್ತು, ಸರಿಮಾಡಿಸೋಕೆ ದುಡ್ಡಿರಲಿಲ್ಲ. ಒಂದು ಭಾನುವಾರ ಕೂತು ಬಳಿದುಬಿಟ್ರು. ಅದನ್ನ ನೋಡಿದಾಗಲೆಲ್ಲ ನಂಗೆ ನಾಚಿಕೆ ಆಗ್ತಿತ್ತು. ಅದು ಮನೆಗೆ ಬಂದಾಗ ಕೆಂಪಗೆ ಹೇಗಿತ್ತು ಅಂತೀರಿ!"

ನಾನು ಮಾತಾಡಲಿಲ್ಲ. ಇಷ್ಟು ದಿನ ಅವರ ಪರವಾಗಿ ನಾನು ನನ್ನಲ್ಲೇ ನಡೆಸಿದ ವಾದವೆಲ್ಲ ಕಿಟಕಿಯ ಬಣ್ಣದ ಡಬ್ಬಿಯಲ್ಲಿ ಮುಳುಗಿತು. ಪರರ ನೋವನ್ನು ಅವರನ್ನು ಕೇಳದೆ ಕಲ್ಪಿಸಿಕೊಂಡು ಮರುಗುವುದು ನನ್ನಂಥವರ ಒಂದು ಚಟ. ತುಸು ಹೊತ್ತಿನ ಮೇಲೆ, ಇಷ್ಟು ಕೆಂಪಾಗಿತ್ತೇ ಎಂದು ಹೊಸ ಟ್ಯಾಂಕನ್ನು ತೋರಿಸಿ ಕೇಳಿದೆ. ಅವರು ಕಣ್ಣು ಕಿರಿದುಮಾಡಿ ನೋಡಿ, "ಇದಕ್ಕಿಂತ ಚೆನ್ನಾಗಿತ್ತು" ಎಂದರು. ಅದನ್ನು ಅಳೆಯುವ ಯಂತ್ರ ಮೈಸೂರಿನಲ್ಲಿಯೂ ಇಲ್ಲ.

ಎದ್ದು ಹೊರಡುವಾಗ ಕಾಗದದ ವಿಷಯವನ್ನೂ ಹೇಳಿದೆ, ಮಗನ ಮೇಲೆ ದೂರು ಹೇಳಿದಂತೆ ಆಗದಿರಲೆಂದು ಆದಷ್ಟು ನಯವಾಗಿ. ಅವರು ಒಲೆಯ ಕೊಳ್ಳಿಯನ್ನು ಒಳಗೆ ತಳ್ಳುತ್ತ, "ಇದ್ದದ್ದು ಬರೀರಿ. ಅವರು ಔಷಧದ ಶೀಶೆ ಮೇಲೆ ಏನು ಬರೀತಿದ್ರೋ ಹಾಗೆ" ಎಂದರು.

ಔಷಧದ ಶೀಶೆಯ ಮೇಲೆ ಕಂಪೌಂಡರರು ಬರೆಯುತ್ತಿದ್ದದ್ದು ಏನು? ಒಳಗೆ ಏನಿದೆ, ಎಂದು ತುಂಬಿದ್ದು, ಎಷ್ಟು ಸಲ ಕುಡಿಯಬೇಕು. ಕುಡಿಯುವವನು ತಪ್ಪು ತಿಳಿದರೆ ತಪ್ಪು ಅವನದೆನ್ನುವ ವಾದ ಅಲ್ಲಿ ನಡೆಯುವುದಿಲ್ಲ. ನನಗೆ ದಾರಿ ಕಂಡಿತೆಂದು ಹೇಳಲಾರೆ. ಉಳಿದ ದಾರಿಗಳು ಮುಚ್ಚಿದವೆಂದು ಹೇಳಬಹುದು. ಬರೆಯುವವನ ಮನಸ್ಸಿನಲ್ಲಿ ಯಾವ ಅರ್ಥವಿದೆಯೆಂಬುದಕ್ಕಿಂತ, ಓದುವವನು ಯಾವ ಅರ್ಥವನ್ನು ನೆಚ್ಚಿ ಹಣ ಎಣಿಸುತ್ತಾನೆಂಬುದೇ ಶಬ್ದದ ಅರ್ಥ, ಕಡೆಗೆ ಮಾರಾಟದ ಕಾಗದದಲ್ಲಾದರೂ. ಕಾವ್ಯದ ಮಾತು ಬೇರೆ.

ಇಟಲಿಯಲ್ಲಿ ಚೆಸಾರೆ ಬ್ರಾಂಡಿ ಎಂಬ ವಿದ್ವಾಂಸರು ಹಳೆಯ ಚಿತ್ರಗಳ ದುರಸ್ತಿಗೆ ಒಂದು ಕ್ರಮ ಹೇಳಿದ್ದಾರೆ. ಬಣ್ಣ ಉದುರಿದ ಜಾಗವನ್ನು ಸಣ್ಣ ಸಣ್ಣ ಗೆರೆಗಳಿಂದ ತುಂಬಬೇಕು; ದೂರದಿಂದ ನೋಡಿದರೆ ಚಿತ್ರ ಅಖಂಡವಾಗಿ ಕಾಣಬೇಕು, ಹತ್ತಿರ ಬಂದರೆ ಇದು ಬಳಿಕ ತುಂಬಿದ್ದೆಂದು ಗೆರೆಗಳೇ ಹೇಳಬೇಕು. 1963ರಲ್ಲಿ ಬಂದ ಅವರ ಗ್ರಂಥ ಈ ವಿಷಯದಲ್ಲಿ ಪ್ರಮಾಣವೆನಿಸಿದೆ. ಮೋಟಾರ್ ಸೈಕಲ್ಲಿನ ಟ್ಯಾಂಕಿಗೆ ಗೆರೆ ಎಳೆಯಲಾಗದು. ಆದರೆ ತಳದ ಕೊಳವಿಯ ಒಳಬದಿಯಲ್ಲಿ, ಬೆಸುಗೆಯ ಬೆಂಕಿ ತಾಕದ ಕಡೆ, ಅಂಗೈಯಗಲದ ಜಾಗವನ್ನು ಬಣ್ಣದ ಹಿರಿಯರು ನಾನು ಕೇಳದೆಯೇ ಮುಟ್ಟದೆ ಬಿಟ್ಟಿದ್ದರು. ಅಲ್ಲಿ ಹಳೆಯ ಕೆಂಪು ಇತ್ತು, ಅಂಚಿನಲ್ಲಿ ಹರಿದುಬಂದ ಕಿಟಕಿಯ ನೀಲಿಯ ಒಂದು ಹನಿಯೂ ಇತ್ತು. ಏಕೆ ಬಿಟ್ಟಿರೆಂದು ಕೇಳಿದ್ದಕ್ಕೆ, "ನಾಳೆ ಬರುವವನಿಗೆ ನೋಡಿ ಬೆರೆಸಲು ಏನಾದರೂ ಬೇಡವೇ ಸಾರ್" ಎಂದರು. ಅವರು ಬ್ರಾಂಡಿಯ ಹೆಸರು ಕೇಳಿದವರಲ್ಲ.

ಕಾಗದವನ್ನು ಹೀಗೆ ಬರೆದೆ: ಟ್ಯಾಂಕಿಗೆ ಬೆಸುಗೆ ಹಾಕಿಸಿ ಈ ವರ್ಷ ಹೊಸದಾಗಿ ಬಣ್ಣ ಹಚ್ಚಿದೆ, ಕಾರ್ಖಾನೆಯ ಮರೂನ್ ಬಣ್ಣಕ್ಕೆ ಆದಷ್ಟು ಹೊಂದಿಸಿದೆ, ಹಗಲುಬೆಳಕಿನಲ್ಲಿ ನೋಡಿಕೊಳ್ಳುವುದು, ನಡುವೆ ಬಹುಕಾಲ ನೀಲಿಯಾಗಿತ್ತು, ಕಾರ್ಖಾನೆಯ ಬಣ್ಣದ ಗುರುತು ತಳದಲ್ಲಿ ಉಳಿದಿದೆ. ಸ್ನೇಹಿತ ಓದಿ, ಏನೂ ಹೇಳದೆ ಮಡಿಸಿ ಜೇಬಿಗೆ ಹಾಕಿಕೊಂಡ. ಸುಮಾರು ಹದಿನೈದು ದಿನ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಬೇರೆ ಕಾಗದ ಬರೆಸಿಕೊಂಡಿರಬಹುದೆಂದು ನಾನು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಕೊಳ್ಳಲು ಬಂದವರು ಮೈಸೂರಿನವರು. ಕಾಗದವನ್ನು ಎರಡು ಸಲ ಓದಿದರಂತೆ. ಟ್ಯಾಂಕಿನ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ಆ ಅಂಗೈಯಗಲದ ಜಾಗವನ್ನು ಬಹಳ ಹೊತ್ತು ನೋಡಿದರಂತೆ. ಸ್ನೇಹಿತ ಕೇಳಿದ ಬೆಲೆಯಲ್ಲಿ ಹದಿನೆಂಟು ಸಾವಿರ ರೂಪಾಯಿ ಕಡಮೆ ಮಾಡಿ ಕೊಂಡುಹೋದರು. ಆ ಹದಿನೆಂಟು ಸಾವಿರದಲ್ಲಿ ಸ್ವಲ್ಪ ಭಾಗವನ್ನು ನಾನು ಕೈಗಡವಾಗಿ ಕೊಟ್ಟೆ, ಉಳಿದದ್ದನ್ನು ಅವನು ಎಲ್ಲಿಂದಲೋ ಹೊಂದಿಸಿದ. ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಸ್ನೇಹಿತ ಮತ್ತೆ ಮನೆಗೆ ಬರುತ್ತಾನೆ, ಆದರೆ ಗಾಡಿಯ ಮಾತನ್ನು ಎತ್ತುವುದಿಲ್ಲ.

ನೆರೆಮನೆಯ ಕಿಟಕಿಗಳಿಗೆ ಈಗಲೂ ಆ ನೀಲಿಬಣ್ಣವೇ ಇದೆ. ಮೊನ್ನೆ ಶಾಲೆಯಿಂದ ಬರುವಾಗ ನಿಂತು ನೋಡಿದೆ. ಬಿಸಿಲು ಬೀಳುವ ಕಡೆಯದು ಬೂದಿಯಂತಾಗಿದೆ. ಒಳಬದಿಯದು ಇನ್ನೂ ಸಾಕಷ್ಟು ನೀಲಿಯಾಗಿಯೇ ಇದೆ.